ಹತ್ತೊಂಬತ್ತನೇ ಗೇಟಿಗೆ ಶ್ರೀಜೇಶ್

2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಭಾನುವಾರ ಬೆಳಗ್ಗೆ ಹೊಸಪೇಟೆಯಲ್ಲಿ ಬೇರೆ ಮಾತೇ ಇಲ್ಲ. ನಮ್ಮ ಓಣಿಯ ತಿರುವಿನಲ್ಲಿ ಒಂದು ಒಗ್ಗರಣೆ-ಮಿರ್ಚಿ ಬಂಡಿ ಇದೆ. ಅದರ ಮುಂದೆ ಪ್ಲೇಟು ಹಿಡಿದವರೆಲ್ಲ ತಿನ್ನುವುದನ್ನು ಮರೆತು ನಿಂತಿದ್ದರು. ಕಾದು ಕಾದು ತುಂಬಿದ ಡ್ಯಾಂ. ಕೆಳಗೆ ಭತ್ತ ನಾಟಿ ಮಾಡಿಕೊಂಡ ಊರುಗಳು. ಒಂದು ಗೇಟಿನ ಮೇಲಿನ ಒತ್ತಡ ಇಳಿಸಲು 33 ಗೇಟುಗಳನ್ನೂ ಎತ್ತಿದ್ದಾರೆ ಎಂಬ ಸುದ್ದಿ. ಯಾರಿಗೂ ಏನು ಆಡಬೇಕೆಂದು ತೋಚದ ಆ ಹೊತ್ತಿನಲ್ಲಿ ಆಟೊ ಓಡಿಸುವ ಗೆಳೆಯ ಬಾಯಿ ತೆರೆದ:

"ಹಾಕಿಯವ್ರು ಗುರುವಾರ ಶ್ರೀಜೇಶ್‌ನ ಮನಿಗೆ ಕಳಿಸಿದ್ರು. ಶನಿವಾರ ಗೇಟ್ ಹೋತು. ಅವನ್ನ ತಂದು ಹತ್ತೊಂಬತ್ತನೇ ಗೇಟಿಗೆ ನಿಲ್ಲಿಸಿದ್ರ ಒಂದು ಹನಿ ನೀರು ದಾಟ್ತಿದ್ದಿಲ್ಲ ನೋಡ್ರಿ."

ಶ್ರೀಜೇಶ್ ನಮ್ಮ ಹಾಕಿ ತಂಡದ ಗೋಲ್‌ಕೀಪರ್, ಆ ಗುರುವಾರವಷ್ಟೇ ಆಟಕ್ಕೆ ವಿದಾಯ ಹೇಳಿದ್ದ. ಒಂದು ಕ್ಷಣ ಸುಮ್ಮನಿದ್ದ ಗುಂಪು ಹೋ ಎಂದು ನಕ್ಕಿತು. ಹಿಂದಿನಿಂದ ಇನ್ನೊಬ್ಬ, "ಒಬ್ಬ ಶ್ರೀಜೇಶ್ ಏನ್ ಮಾಡ್ತಾನಲೇ, ಮೂವತ್ಮೂರು ಮಂದಿ ಗೋಲ್‌ಕೀಪರ್ ಬೇಕು" ಎಂದ. ಬಂಡಿಯ ಮಾಮ ಬಾಣಲೆಯಲ್ಲಿ ಜಾರಾ ಆಡಿಸುತ್ತ, "ಮೊದ್ಲು ಪ್ಲೇಟ್ ಖಾಲಿ ಮಾಡ್ರಪ್ಪ, ಆಮ್ಯಾಲೆ ಡ್ಯಾಂ ತುಂಬಿಸೋಣಂತ" ಎಂದು ಮುಗಿಸಿದ.

ನಮ್ಮ ಕಡೆ ಇದಕ್ಕೆ ಚ್ಯಾಷ್ಟಿ ಅನ್ನುತ್ತಾರೆ. ಗೇಲಿ, ಕುಚೋದ್ಯ, ಕಾಲೆಳೆತ, ಒಂದಿಷ್ಟು ಪ್ರೀತಿ, ಎಲ್ಲ ಕೂಡಿದ ಮಾತು ಅದು. ಆಟದ ಅಭಿಮಾನಿಗಳ ಚ್ಯಾಷ್ಟಿ ಕ್ರಿಕೆಟ್‌ಗೆ ಮಾತ್ರ ಮೀಸಲು ಎಂದು ಯಾರಾದರೂ ತಿಳಿದಿದ್ದರೆ, ಆ ಆಗಸ್ಟ್‌ನ ಮೊದಲ ಹತ್ತು ದಿನ ಈ ಬಂಡಿಯ ಮುಂದೆ ನಿಲ್ಲಬೇಕಿತ್ತು. ಪ್ಯಾರಿಸ್ ಒಲಿಂಪಿಕ್ಸ್ ನಡೆಯುತ್ತಿತ್ತು. ಬಾಕ್ಸಿಂಗ್, ಹಾಕಿ, ಜಾವೆಲಿನ್ ಎಲ್ಲವೂ ಮಿರ್ಚಿಯ ಜೊತೆ ಕರಿದು ಬರುತ್ತಿದ್ದವು.

ಐವರು ಪಂಚರು

ಶುರುವಾದದ್ದು ಬಾಕ್ಸಿಂಗ್‌ನಿಂದ. ಆಗಸ್ಟ್ 3ರ ರಾತ್ರಿ, ನಮ್ಮ ಗಡಿಯಾರದಲ್ಲಿ 12 ದಾಟಿದ ಮೇಲೆ, 71 ಕೆ.ಜಿ. ವಿಭಾಗದ ಕ್ವಾರ್ಟರ್‌ಫೈನಲ್‌ನಲ್ಲಿ ನಿಶಾಂತ್ ದೇವ್ ಮೆಕ್ಸಿಕೊದ ಮಾರ್ಕೊ ವರ್ದೆ ಎದುರು 1-4ರಿಂದ ಸೋತ. ಗೆದ್ದಿದ್ದರೆ ಪದಕ ಖಾತ್ರಿ. ಮೊದಲ ಸುತ್ತು ನಿಶಾಂತ್‌ನದೇ ಆಗಿತ್ತು. ಹಾಗಾಗಿ ತೀರ್ಪು ಬಂದಾಗ ಊರಿನ ಅರ್ಧ ಎದ್ದು ಕೂತಿತ್ತು, ಉಳಿದರ್ಧವನ್ನು ಇವರು ಫೋನ್ ಮಾಡಿ ಎಬ್ಬಿಸಿದರು.

ಬೆಳಗ್ಗೆ ಬಂಡಿಯ ಮುಂದೆ ಪಂಚಾಯ್ತಿ. "ಹೊಡದವ ಇವ, ಗೆದ್ದವ ಅವ. ಇದ್ಯಾವ ನ್ಯಾಯ?" ಎಂದು ಆಟೊ ಗೆಳೆಯ. ನಿವೃತ್ತ ಪಿ.ಟಿ. ಮೇಷ್ಟ್ರು ತಾಳ್ಮೆಯಿಂದ ಬಿಡಿಸಿ ಹೇಳಿದರು. ರಿಂಗಿನ ಸುತ್ತ ಐವರು ತೀರ್ಪುಗಾರರು ಕೂರುತ್ತಾರೆ. ಪ್ರತಿ ಸುತ್ತಿನಲ್ಲಿ ಮೇಲುಗೈಯಾದವನಿಗೆ 10, ಇನ್ನೊಬ್ಬನಿಗೆ ಸಾಮಾನ್ಯವಾಗಿ 9. ಎಷ್ಟು ಗುದ್ದು ಬಿದ್ದವು ಎಂಬ ಲೆಕ್ಕ ಒಂದೇ ಸಾಲದು, ಸ್ವಚ್ಛವಾಗಿ ಬಿದ್ದದ್ದೆಷ್ಟು, ಕಣದಲ್ಲಿ ಹಿಡಿತ ಯಾರದಿತ್ತು ಎಂಬುದನ್ನೂ ನೋಡುತ್ತಾರೆ. ಮೂರೇ ಸುತ್ತು, ಮೂರು ಮೂರು ನಿಮಿಷ. ಕೊನೆಯ ಸುತ್ತಿನಲ್ಲಿ ಉಸಿರು ಕಟ್ಟಿ ಕೈ ಇಳಿದರೆ ಮೊದಲ ಸುತ್ತಿನ ಪೌರುಷವನ್ನು ಯಾರೂ ಕೇಳುವುದಿಲ್ಲ.

"ಅಂದ್ರ ಐದು ಮಂದಿ ಪಂಚರು" ಎಂದ ಬಂಡಿಯ ಮಾಮ. "ಐದ್ರಾಗ ನಾಕು ಮಂದಿ ಆಕಡೆ ವಾಲಿದ್ರ ಮುಗೀತು. ನಮ್ಮ ಹೊಲದ ಬದುವಿನ ಜಗಳದಾಗೂ ಹಂಗ ಆಗಿದ್ದು." ಮೇಷ್ಟ್ರು ಕೊಟ್ಟ ವಿವರಣೆಯನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಬದುವಿನ ಹೋಲಿಕೆ ಇವತ್ತಿಗೂ ಓಡಾಡುತ್ತಿದೆ.

ಕರ್ನಾಲ್‌ನ ಹುಡುಗ ಸೋತರೆ ಹೊಸಪೇಟೆಗೇಕೆ ಇಷ್ಟು ಉರಿ? ಅವನು ಪಳಗಿದ್ದು ನಮ್ಮ ಪಕ್ಕದಲ್ಲಿ. ಇಲ್ಲಿಂದ 30 ಕಿ.ಮೀ. ಆಚೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಜೆಎಸ್‌ಡಬ್ಲ್ಯು ಸಂಸ್ಥೆ 2018ರಲ್ಲಿ ತೆರೆದದ್ದು. ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್, ಈಜು ಅಲ್ಲಿನ ಮುಖ್ಯ ಕಲಿಕೆ. ಬೆಂಗಳೂರು ಎಫ್‌ಸಿಯ ಎಳೆಯರ ವಸತಿ ಅಕಾಡೆಮಿಯೂ ಆ ಬಯಲಲ್ಲೇ. ನಿಶಾಂತ್ ಅಲ್ಲಿ ಪಳಗಿ, ರಾಷ್ಟ್ರೀಯ ಕೂಟದಲ್ಲಿ ಕರ್ನಾಟಕದ ಹೆಸರಿನಲ್ಲಿ ಗ್ಲೌಸ್ ಕಟ್ಟಿದವನು. ಆದ್ದರಿಂದ ಪ್ಯಾರಿಸ್‌ನ ಪಂಚರು ಮೋಸ ಮಾಡಿದ್ದು ಹರಿಯಾಣಕ್ಕೆ ಎಂದರೆ ನಮ್ಮ ಬಂಡಿಯವರು ಒಪ್ಪುವುದಿಲ್ಲ.

ಪದಕ ಯಾವ ಜಿಲ್ಲೆಯದು?

ಒಪ್ಪದೆ ಹೋದರೂ, "ನಮ್ಮದು" ಎಂದಾಗ ಆ "ನಮ್ಮ" ಯಾರು ಎಂಬಲ್ಲಿ ಇನ್ನೊಂದು ಜಗಳ ಹುಟ್ಟುತ್ತದೆ. ಕಾರ್ಖಾನೆಗೆ ಕಂಪನಿ ಇಟ್ಟ ಹೆಸರು ವಿಜಯನಗರ. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ಹೊಸ ಜಿಲ್ಲೆಯಾಯಿತಲ್ಲ, ಅದರ ಹೆಸರೂ ವಿಜಯನಗರ. ಆದರೆ ತೋರಣಗಲ್ಲು ಇರುವುದು ಸಂಡೂರು ತಾಲ್ಲೂಕಿನಲ್ಲಿ. ಸಂಡೂರು, ಕಂಪ್ಲಿ ಎರಡೂ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ದಿಲ್ಲಿಯ ಪತ್ರಿಕೆಗಳು ಒಮ್ಮೆ ವಿಜಯನಗರ ಎಂದೂ ಒಮ್ಮೆ ಬಳ್ಳಾರಿ ಎಂದೂ ಬರೆಯುತ್ತವೆ.

2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ನೀರಜ್ ಚೋಪ್ರಾ 87.58 ಮೀಟರ್ ಎಸೆದು ಚಿನ್ನ ಗೆದ್ದಾಗ ಈ ತಕರಾರು ಏರಿತು. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾದ ಮೇಲೆ ಅವನು ಚೇತರಿಸಿಕೊಂಡದ್ದು, ತೋಳು ಸಜ್ಜು ಮಾಡಿಕೊಂಡದ್ದು ಇದೇ ಬಯಲಲ್ಲಿ. "ವಿಜಯನಗರದ ಚಿನ್ನ" ಎಂದು ಹೊಸಪೇಟೆಯವರು ಎದೆ ತಟ್ಟಿಕೊಂಡರು. "ಮಣ್ಣು ನಮ್ಮದು, ಹೆಸರು ಮಾತ್ರ ನಿಮ್ಮದಾ?" ಎಂದು ಸಂಡೂರಿನವರು. ಅವರಿಗೆ ಈ ಮಾತು ಆಡುವ ಹಕ್ಕಿದೆ. ಅವರ ಗುಡ್ಡದ ಅದಿರು ಲಾರಿಯಲ್ಲಿ, ರೈಲಿನಲ್ಲಿ ಹೊರಟು ಎಲ್ಲೋ ಉಕ್ಕಾಗಿ, ಯಾರದೋ ಹೆಸರಿನಲ್ಲಿ ಮಾರಾಟವಾಗುವುದನ್ನು ನೋಡುತ್ತಲೇ ಬಂದವರು. "ಅದಿರೂ ಹೋತು, ಈಗ ಚಿನ್ನಾನೂ ಪಾಣಿಪತ್‌ಗೆ ಹೋತು" ಎಂದು ಸಂಡೂರಿನ ಗೆಳೆಯನೊಬ್ಬ ನಗುತ್ತಲೇ ಹೇಳಿದ. ಅದರ ಹಿಂದಿನ ಚುರುಕು ತಟ್ಟದೆ ಇರಲಿಲ್ಲ.

ಆದರೆ ಒಂದು ಸಂಗತಿಯಲ್ಲಿ ಎರಡು ಜಿಲ್ಲೆಗಳೂ ಒಂದೇ. ಆ ಕ್ಯಾಂಪಸ್ಸಿನಲ್ಲಿ ನಡೆಯುವುದನ್ನು ಇಬ್ಬರೂ ನೋಡುವುದು ಟಿ.ವಿ.ಯಲ್ಲಿ. 2021ರ ಸೆಪ್ಟೆಂಬರ್ 15ರಿಂದ 21ರವರೆಗೆ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್‌ಷಿಪ್ ಅಲ್ಲೇ ನಡೆಯಿತು. ಶಿವ ಥಾಪಾ, ನಿಶಾಂತ್ ದೇವ್ ಗೆದ್ದರು. 54 ಕೆ.ಜಿ. ವಿಭಾಗದಲ್ಲಿ ಭಿವಾನಿಯ ಆಕಾಶ್ ಕುಮಾರ್ ಚಿನ್ನ ಗೆದ್ದ. ಅವನು ಇಲ್ಲಿ ಗುದ್ದಾಡುತ್ತಿದ್ದ ದಿನಗಳಲ್ಲೇ ಅತ್ತ ಊರಿನಲ್ಲಿ ತಾಯಿ ತೀರಿಕೊಂಡಿದ್ದರು. ಆಟ ಕೆಡಬಾರದೆಂದು ಮನೆಯವರು ಅವನಿಗೆ ತಿಳಿಸಿರಲಿಲ್ಲ. ಆಕಾಶ್ ಮುಂದೆ ಬೆಲ್‌ಗ್ರೇಡ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದಾಗಲೇ ಈ ಕಥೆ ನಮಗೆ ತಿಳಿದದ್ದು, ಅದೂ ಪತ್ರಿಕೆಯಿಂದ. ಚ್ಯಾಷ್ಟಿಯಲ್ಲಿ ಪಳಗಿದ ಬಂಡಿಯ ಗುಂಪು ಅವತ್ತು ಮಾತ್ರ ಏನೂ ಅನ್ನಲಿಲ್ಲ. "ಅರ್ಧ ತಾಸಿನ ದಾರಿ. ಹೋಗಿ ಒಂದ್ ಚಪ್ಪಾಳೆ ಹೊಡದು ಬರಬಹುದಿತ್ತು" ಎಂದು ಮೇಷ್ಟ್ರು ಗೊಣಗಿಕೊಂಡರು.

ಪಾಯೆಸ್ ಕಂಡ ಗುದ್ದಾಟ

ಮುಷ್ಟಿಕಾಳಗ ನಮಗೆ ಟಿ.ವಿ.ಯಿಂದ ಬಂತು ಎಂದು ಹಂಪಿಯ ಗೈಡ್‌ಗಳ ಮುಂದೆ ಹೇಳಿನೋಡಿ. ಮಹಾನವಮಿ ದಿಬ್ಬದ ಬಳಿ ನಿಲ್ಲಿಸಿ ಪಾಠ ಮಾಡುತ್ತಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಮಹಾನವಮಿಯ ಜಟ್ಟಿಗಳನ್ನು ಕಂಡು ದಂಗಾಗಿ ಬರೆದಿದ್ದಾನೆ. ತನ್ನ ದೇಶದ ಕುಸ್ತಿಯಂತಲ್ಲ ಇದು, ಇಲ್ಲಿ ಗುದ್ದುಗಳಿವೆ, ಹಲ್ಲು ಉದುರುತ್ತವೆ, ಕಣ್ಣು ಹೋಗುತ್ತವೆ, ಮುಖದ ಗುರುತು ಸಿಗದಂತಾಗುತ್ತದೆ, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಾರೆ ಎಂಬುದು ಅವನ ವರದಿಯ ಸಾರಾಂಶ. ಸರಿಜೋಡಿಗಳನ್ನು ಕಣಕ್ಕಿಳಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ನಾಯಕರೂ ತೀರ್ಪುಗಾರರೂ ಇದ್ದರಂತೆ. ಅಂದರೆ ತೂಕದ ವಿಭಾಗವೂ ಇತ್ತು, ಪಂಚರೂ ಇದ್ದರು.

ರಾಜನೇನೂ ಬರೀ ಪ್ರೇಕ್ಷಕನಲ್ಲ. ಕೃಷ್ಣದೇವರಾಯ ನಸುಕಿನಲ್ಲೇ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಹರಿದ ಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ ಆಡಿ, ಕೊನೆಗೆ ಕುದುರೆ ಏರಿ ಓಡಿಸುತ್ತಿದ್ದ ಎಂದು ಪಾಯೆಸ್ ವಿವರಿಸುತ್ತಾನೆ. ಇದನ್ನು ಬಂಡಿಯ ಮುಂದೆ ಹೇಳಿದಾಗ ಆಟೊ ಗೆಳೆಯ ತನ್ನ ಕೈಯಲ್ಲಿದ್ದ ಮಿರ್ಚಿಯನ್ನು ನೋಡಿಕೊಂಡು, "ಎಣ್ಣಿ ನಾವೂ ದಿನಾ ಕುಡೀತೀವಿ. ಕುದ್ರಿ ಒಂದು ಕಡಿಮಿ ಆಗೇತಿ" ಎಂದ.

ವಿಜಯನಗರದ ಆ ಮಹಾನವಮಿ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಮೈಸೂರಿಗೆ ಹೋಯಿತು. ಮೈಸೂರು ಅರಮನೆಯ ವಿಜಯದಶಮಿಯಲ್ಲಿ ಇವತ್ತಿಗೂ ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕಿಳಿಯುತ್ತಾರೆ. ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಅಲ್ಲಿ 10-9ರ ಗೊಂದಲವಿಲ್ಲ.

ಗೋಡೆಯಾಚೆಯ ಗೋಲು

ಮತ್ತೆ ಆ ಆಗಸ್ಟ್‌ಗೆ ಬರೋಣ. ನಿಶಾಂತ್ ಸೋತ ಮರುಮಧ್ಯಾಹ್ನವೇ ಹಾಕಿ ಕ್ವಾರ್ಟರ್‌ಫೈನಲ್. ಬ್ರಿಟನ್ ಎದುರು 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ 40 ನಿಮಿಷಕ್ಕೂ ಹೆಚ್ಚು ಹೊತ್ತು ಹತ್ತೇ ಮಂದಿ. 1-1ರಲ್ಲಿ ಉಳಿಸಿಕೊಂಡು ಷೂಟೌಟ್‌ನಲ್ಲಿ 4-2ರಿಂದ ಗೆದ್ದರು. ಗೋಲಿನ ಬಾಯಲ್ಲಿ ಶ್ರೀಜೇಶ್. ಮೇಷ್ಟ್ರಿಗೆ ಅಂದು ಮೂವರು ಗೋಲ್‌ಕೀಪರ್‌ಗಳು ಒಟ್ಟಿಗೆ ನೆನಪಾದರು. 1982ರ ಡಿಸೆಂಬರ್ 1ರಂದು ದಿಲ್ಲಿ ಏಷ್ಯಾಡ್ ಫೈನಲ್‌ನಲ್ಲಿ ಪಾಕಿಸ್ತಾನ ಏಳು ಗೋಲು ಹೊಡೆದಾಗ ಗೋಲಿನಲ್ಲಿ ನಿಂತಿದ್ದ ಮೀರ್ ರಂಜನ್ ನೇಗಿ, ಅದರಿಂದಾಗಿ ದೇಶದ ಬೈಗುಳವನ್ನೆಲ್ಲ ಒಬ್ಬನೇ ತಿಂದವನು. 1998ರಲ್ಲಿ ಬ್ಯಾಂಕಾಕ್ ಫೈನಲ್‌ನ ಟೈಬ್ರೇಕರ್‌ನಲ್ಲಿ ದಕ್ಷಿಣ ಕೊರಿಯಾವನ್ನು ತಡೆದು 32 ವರ್ಷಗಳ ನಂತರ ಏಷ್ಯಾಡ್ ಚಿನ್ನ ತಂದ ಕರ್ನಾಟಕದ ಆಶಿಶ್ ಬಲ್ಲಾಳ್. ಈಗ ಶ್ರೀಜೇಶ್.

"ನೇಗಿ ಸೋತದ್ದನ್ನ ನಾನು ಕೇಳಿದ್ದು ರೇಡಿಯೊದಾಗ. ಕಾಣ್ಸಿದ್ದಿಲ್ಲ, ಅದಕ್ಕ ಕ್ಷಮಿಸಿಬಿಟ್ಟೆ" ಎಂದರು ಮೇಷ್ಟ್ರು.

ಟಿ.ವಿ. ನಮ್ಮ ಭಾಗಕ್ಕೆ ಬಂದ ಬಗೆಯೂ ಒಂದು ಚ್ಯಾಷ್ಟಿಯೇ. 1975ರ ಆಗಸ್ಟ್‌ನಿಂದ ಒಂದು ವರ್ಷ, ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ತೋರಿಸುವ ಸೈಟ್ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳು. ಬಳ್ಳಾರಿಗೆ ಇಲ್ಲ. ಕಂಪ್ಲಿಯ ಎದುರು ದಡ ಆಗ ರಾಯಚೂರು ಜಿಲ್ಲೆ. "ಹೊಳಿ ಆಚಿ ಜಿಲ್ಲಾದಾಗ ಆಕಾಶದಿಂದ ಸಿನಿಮಾ ಇಳೀತೈತಂತ" ಎಂದು ಈಚೆ ದಡದವರು ಹೊಟ್ಟೆ ಉರಿಸಿಕೊಂಡ ಕಾಲವೊಂದಿತ್ತು ಎಂದು ಕಂಪ್ಲಿಯ ಹಿರಿಯರು ಹೇಳುತ್ತಾರೆ.

ಈಗಿನ ಹೊಟ್ಟೆಯುರಿ ಬೇರೆ. 2022ರ ಡಿಸೆಂಬರ್ 18ರ ರಾತ್ರಿ, ಕತಾರ್ ಫುಟ್‌ಬಾಲ್ ವಿಶ್ವಕಪ್ ಫೈನಲ್. ಹಂಪಿಯಲ್ಲಿ ಪ್ರವಾಸಿಗರ ಹಂಗಾಮು. ಜನತಾ ಪ್ಲಾಟ್‌ನ ಒಂದು ಗೆಸ್ಟ್‌ಹೌಸ್ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ, ಮೊಬೈಲಿನಿಂದ ಪ್ರೊಜೆಕ್ಟರ್‌ಗೆ ಆಟ ಹಾಕಿದ್ದರು. ಹಿಂದಿನ ಮನೆಯಲ್ಲಿ ಡಿಶ್ ಟಿ.ವಿ. ಮೊಬೈಲಿನ ಆಟ ಡಿಶ್‌ಗಿಂತ ಅರ್ಧ ನಿಮಿಷ ಹಿಂದೆ. 80ನೇ ನಿಮಿಷದಲ್ಲಿ ನಮ್ಮ ಪಂಚೆಯ ಮೇಲೆ ಎಂಬಾಪೆ ಪೆನಾಲ್ಟಿಗೆ ಇನ್ನೂ ಚೆಂಡು ಇಡುತ್ತಿದ್ದ, ಹಿಂದಿನ ಮನೆಯಿಂದ "ಅಯ್ಯೋ" ಎಂಬ ಕೂಗು ಬಂತು. ಆ ಮನೆಯವರು ಮೆಸ್ಸಿ ಪಕ್ಷ. ನಮ್ಮ ನಡುವೆ ಫ್ರಾನ್ಸ್‌ನ ಇಬ್ಬರು ಪ್ರವಾಸಿಗರಿದ್ದರು. ಕನ್ನಡ ಬಾರದಿದ್ದರೂ "ಅಯ್ಯೋ" ಎಂದರೆ ಏನೆಂದು ಅವರಿಗೆ ಆ ಕ್ಷಣ ಗೊತ್ತಾಗಿಹೋಯಿತು. ಚೆಂಡು ಒದೆಯುವ ಮೊದಲೇ ಎದ್ದು ಕುಣಿದರು. ಮರುನಿಮಿಷವೇ ಇನ್ನೊಂದು "ಅಯ್ಯೋ". 3-3 ಆಗಿ, ಕೊನೆಗೆ ಪೆನಾಲ್ಟಿಯಲ್ಲಿ ಅರ್ಜೆಂಟೀನಾ 4-2ರಿಂದ ಗೆದ್ದಾಗ ಹಿಂದಿನ ಮನೆಯಿಂದ ಪಟಾಕಿ. ನಮ್ಮ ಪಂಚೆಯ ಮೇಲೆ ಆಟಗಾರ ಇನ್ನೂ ಓಡಿಬರುತ್ತಿದ್ದ. ಫ್ರೆಂಚ್ ಹುಡುಗ ಗೈಡ್ ಅಣ್ಣನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ಅವರ ಭಾಷೆ ಬಲ್ಲ ಅಣ್ಣ ನಮಗೆ ತಿಳಿಸಿದ: "ಮುಂದಿನ ಸಲ ಆ ಮನಿಯಾಗ ರೂಮ್ ಕೊಡ್ಸು ಅಂತಾನ."

ಸೀಟಿ ಊದಿದ್ನಾ, ಇಲ್ಲಾ?

ದೂರದ ಮೆಸ್ಸಿಯ ಜಗಳ ಒಂದು ರಾತ್ರಿಗೆ ಮುಗಿಯುತ್ತದೆ. ಹತ್ತಿರದ್ದು ಮುಗಿಯುವುದಿಲ್ಲ. ಬಂಡಿಯ ಎದುರಿಗೆ ಮಲಯಾಳಿಗಳ ಬೇಕರಿ. 2023ರ ಮಾರ್ಚ್ 3ರಂದು ಐಎಸ್‌ಎಲ್ ನಾಕೌಟ್‌ನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋದವು. ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಗೋಡೆ ಜೋಡಿಸುವಷ್ಟರಲ್ಲಿ ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲಗೆ ಬಲೆಗೆ ಕಳಿಸಿಬಿಟ್ಟ. ಸೀಟಿ ಊದಿರದಿದ್ದರೂ ರೆಫರಿ ಗೋಲು ಎಂದ. ಬ್ಲಾಸ್ಟರ್ಸ್ ಕೋಚ್ ವುಕೊಮಾನೊವಿಚ್ ತನ್ನ ಹುಡುಗರನ್ನು ಕರೆದುಕೊಂಡು ಮೈದಾನದಿಂದಲೇ ಹೊರಟುಹೋದ. ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು.

ಅಂದಿನಿಂದ ಬೇಕರಿಯಲ್ಲಿ ನಮ್ಮ ಹುಡುಗರು ಪಫ್ ತಗೊಂಡು, ದುಡ್ಡು ಕೊಡುವ ಮುನ್ನ ಹೊರಟಂತೆ ನಟಿಸುತ್ತಾರೆ. ಗಲ್ಲಾದವನು ಕೂಗಿದರೆ, "ಸೀಟಿ ಊದಿದ್ದಿಲ್ಲಲ್ಲಣ್ಣ" ಎನ್ನುತ್ತಾರೆ. ಅವನೂ ಕಡಿಮೆಯಲ್ಲ. ಬೆಂಗಳೂರು ಸೋತ ಮರುದಿನ ಬೆಣ್ಣೆ ಬಿಸ್ಕತ್ತಿನ ಡಬ್ಬಿಯ ಮುಂದೆ ಬ್ರೆಡ್ಡಿನ ಪ್ಯಾಕೆಟ್‌ಗಳನ್ನು ಸಾಲಾಗಿ ನಿಲ್ಲಿಸಿ, "ಗೋಡೆ ಕಟ್ಟೀನಿ, ಈಗ ಹೊಡೀರಿ" ಎಂದು ಕಾಯುತ್ತಾನೆ. 2025ರ ಏಪ್ರಿಲ್ 12ರಂದು ಮೋಹನ್ ಬಾಗಾನ್ ಎದುರು ಬೆಂಗಳೂರು 1-2ರಿಂದ ಫೈನಲ್ ಸೋತಾಗ ಆ ಗೋಡೆ ಒಂದು ವಾರ ನಿಂತಿತ್ತು. ಕನ್ನಡ, ಮಲಯಾಳದ ನಡುವೆ ಇಷ್ಟು ಸಲೀಸಾದ ಮಾತುಕತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಚೆಂಡು ಬಿದ್ದ ಮನೆ

ಗೇಟು ಹೋದ ಭಾನುವಾರದ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಅಂದಿನ ಗುಂಪಿನಲ್ಲಿ ಕಂಪ್ಲಿಯಿಂದ ಬಂದ ಅಜ್ಜರೊಬ್ಬರಿದ್ದರು. ಡ್ಯಾಂನಿಂದ ನೀರು ಹೆಚ್ಚು ಬಿಟ್ಟಾಗಲೆಲ್ಲ ಮುಳುಗುವುದು ಕಂಪ್ಲಿಯ ಸೇತುವೆ. ಹಾಗಾಗಿ ಅವರ ಗಮನ ಆಟದ ಮೇಲಿರಲಿಲ್ಲ. ಆದರೂ ಮಾತು ತೋರಣಗಲ್ಲಿನ ಕ್ಯಾಂಪಸ್ಸಿನ ಕಡೆ ಹೊರಳಿದಾಗ, "ನಮ್ಮ ಕುಮಾರರಾಮಂದೂ ಇದ ಹಣೆಬರ ಆಗಿತ್ತು" ಎಂದರು.

ಕಂಪಿಲರಾಯನ ಮಗ ಕುಮಾರರಾಮನ ಕಥೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ತುಘಲಕ್ ಸೈನ್ಯ 1327ರ ಸುಮಾರಿಗೆ ಮುಗಿಸಿದ ಕಂಪಿಲಿ ರಾಜ್ಯದ ವೀರ ಅವನು. ಒಂದು ದಿನ ಚೆಂಡಾಡುವಾಗ ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ರಾಮ ತಾನೇ ಹೋಗುತ್ತಾನೆ. ಅವಳು ಮೋಹಿಸುತ್ತಾಳೆ, ಇವನು ಒಪ್ಪುವುದಿಲ್ಲ, ಚಾಡಿ ಕೇಳಿದ ಅಪ್ಪ ತಲೆ ತೆಗೆಯಲು ಹೇಳುತ್ತಾನೆ, ಮಂತ್ರಿ ಬೈಚಪ್ಪ ಬಚ್ಚಿಟ್ಟು ಉಳಿಸುತ್ತಾನೆ. ಒಂದು ಚೆಂಡಿನಿಂದ ಇಷ್ಟೆಲ್ಲ.

"ನಿಮ್ಮ ಚೆಂಡೂ ದೊಡ್ಡ ಕಾಂಪೌಂಡಿನ ಒಳಗ ಬಿದ್ದೈತಿ" ಎಂದರು ಅಜ್ಜ. "ಹೊರಗ ನಿಂತು ಚ್ಯಾಷ್ಟಿ ಮಾಡ್ತೀರಿ. ಒಳಗ ಹೋಗಿ ತರೋನು ಒಬ್ಬ ಬೇಕಲ್ಲ."

ಯಾರೂ ಉತ್ತರ ಕೊಡಲಿಲ್ಲ. ಬಂಡಿಯ ಮಾಮನ ಮೊಮ್ಮಗ, ಹನ್ನೊಂದು ವರ್ಷದವನು, ಪ್ಲೇಟು ತೊಳೆಯುತ್ತಿದ್ದವನು ತಲೆಯೆತ್ತಿ ಕೇಳಿದ: "ತಾತಾ, ಒಳಗ ಬಿಡ್ತಾರಾ?"

ಆ ಹುಡುಗ ರಾತ್ರಿಯೆಲ್ಲ ನಿಶಾಂತ್‌ನ ಆಟ ನೋಡಿ, ಮರುದಿನ ಎರಡೂ ಕೈಗೆ ಟವೆಲು ಸುತ್ತಿಕೊಂಡು ಬಂಡಿಯ ಹಿಂದಿನ ಬೇವಿನ ಮರವನ್ನು ಗುದ್ದುತ್ತಿದ್ದುದನ್ನು ನಾವೆಲ್ಲ ನೋಡಿದ್ದೆವು. ನೋಡಿ ನಕ್ಕಿದ್ದೆವು. ಎಡಗೈ ಮುಂದೆ ಬರುತ್ತಿತ್ತೋ ಬಲಗೈ ಬರುತ್ತಿತ್ತೋ ಒಬ್ಬರೂ ಗಮನಿಸಿರಲಿಲ್ಲ. ಐವರು ಪಂಚರು ಏನು ನೋಡುತ್ತಾರೆ ಎಂದು ವಾರವಿಡೀ ವಾದ ಮಾಡಿದ ನಮ್ಮ ಗುಂಪು ಕಣ್ಣೆದುರಿನ ಗುದ್ದನ್ನು ಎಣಿಸಿರಲಿಲ್ಲ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಟ್ರಯಲ್ಸ್ ಇಡ್ತಾರ. ವಯಸ್ಸು, ತೂಕ, ಓಟ ಎಲ್ಲಾ ನೋಡ್ತಾರ. ಸುಮ್ನ ಬಿಡಂಗಿಲ್ಲ, ಆದ್ರ ಬಾಗಿಲು ಹಾಕಿಲ್ಲ. ಯಾವಾಗ ಅಂತ ನಾನು ಕೇಳಿ ಹೇಳ್ತೀನಿ" ಎಂದರು.

ಡ್ಯಾಂನ ಗೇಟಿಗೆ ಕೊನೆಗೂ ಶ್ರೀಜೇಶ್ ಬರಲಿಲ್ಲ. ಎಂಜಿನಿಯರ್ ಕನ್ನಯ್ಯ ನಾಯ್ಡು ಬಂದರು. ಹೊಸಪೇಟೆ, ತೋರಣಗಲ್ಲಿನ ಕಾರ್ಖಾನೆಗಳಲ್ಲೇ ತಯಾರಾದ ಉಕ್ಕಿನ ಹಲಗೆಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ಒಂದು ವಾರದೊಳಗೆ ಹರಿವು ನಿಲ್ಲಿಸಿದರು. "ನಾಯ್ಡು ಸಾಹೇಬ್ರು ಐದೂ ಪಂಚರ ಕೈಲಿ ಹತ್ತಕ್ಕ ಹತ್ತು ತಗೊಂಡ್ರು" ಎಂದು ಆಟೊ ಗೆಳೆಯ ತೀರ್ಪಿತ್ತ. ಅದಕ್ಕೆ ಯಾರೂ ಮೇಲ್ಮನವಿ ಸಲ್ಲಿಸಲಿಲ್ಲ.

ಆ ತಿಂಗಳ ಕೊನೆಗೆ ಬಂಡಿಯ ಮುಂದೆ ಮತ್ತೊಂದು ಜಗಳ ಜೋರಾಗಿ ನಡೆದಿತ್ತು. ಬಾಕ್ಸಿಂಗೂ ಅಲ್ಲ, ಹಾಕಿಯೂ ಅಲ್ಲ. ಟ್ರಯಲ್ಸ್‌ಗೆ ಹುಡುಗನನ್ನು ಆಟೊದಲ್ಲಿ ಕರೆದುಕೊಂಡು ಹೋಗುವುದೋ, ಮೇಷ್ಟ್ರ ಸ್ಕೂಟರಿನಲ್ಲೋ ಎಂದು. ಬೇಕರಿಯವನು ರಸ್ತೆಯಾಚೆಯಿಂದಲೇ ಕೂಗಿದ: "ಟ್ರೇನಿಗೆ ಹೋಗ್ರೀ, ಟಿಕೆಟ್ ನಂದು. ಆದ್ರ ಸೀಟಿ ಊದಿದ ಮ್ಯಾಲೇ ಹತ್ರೀ."